ಕ್ರಿಯಾ ಯೋಜನೆಯಿಂದ ಕೊನೆಯ ಬಿಲ್ಲಿನವರೆಗೆ: ಗ್ರಾಮ ಪಂಚಾಯಿತಿ ಅನುದಾನದ ದಾರಿ

ಅನುದಾನ ಬಿಡುಗಡೆಯಾಯಿತು ಎಂಬ ಸುದ್ದಿ ಬಂದ ಕೂಡಲೇ ಪಂಚಾಯಿತಿಯಲ್ಲಿ ಎಲ್ಲರ ಗಮನ ಖಾತೆಯ ಕಡೆ ಹೋಗುತ್ತದೆ. ಕಾಮಗಾರಿ ಸುಸೂತ್ರವಾಗಿ ನಡೆಯುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲಾಗಲೇ ತೀರ್ಮಾನವಾಗಿರುತ್ತದೆ. ಜಾಗದ ದಾಖಲೆ, ಅಳತೆ ನೋಡಿ ಮಾಡಿದ ಅಂದಾಜು ಪಟ್ಟಿ, ಯಾವ ಬಾಬ್ತಿನಿಂದ ಖರ್ಚು ಎಂಬ ಸ್ಪಷ್ಟತೆ, ಗ್ರಾಮ ಸಭೆಯ ಠರಾವು ಇವು ಮೊದಲೇ ಸಿದ್ಧವಿದ್ದರೆ ಮಳೆಗೆ ಮುಂಚೆ ಚರಂಡಿ ಮುಗಿಯುತ್ತದೆ. ಹಣ ಬಂದ ಮೇಲೆ ಇವನ್ನು ಹುಡುಕಲು ಹೊರಟರೆ ಮಾರ್ಚ್ ಕೊನೆಯ ವಾರದಲ್ಲಿ ಹಸಿ ಕಾಂಕ್ರೀಟಿಗೆ ಬಿಲ್ ಬರೆಯುವ ಪರಿಸ್ಥಿತಿ ಬರುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಈ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಕಂಡು ಮಾಡಿದ್ದರ ಆಧಾರದಲ್ಲಿ ಇಲ್ಲಿ ಬರೆದಿದ್ದೇವೆ.

ಮೊದಲು ಹಣದ ಮೂಲ. ಪಂಚಾಯಿತಿಯ ಸ್ವಂತ ತೆರಿಗೆ ಇದೆ. ರಾಜ್ಯದ ಶಾಸನಬದ್ಧ ಅನುದಾನ ಇದೆ. ಇದರಲ್ಲಿ ದೊಡ್ಡ ಪಾಲು ಸಿಬ್ಬಂದಿ ವೇತನಕ್ಕೆ, ಬೀದಿದೀಪ ಮತ್ತು ನೀರಿನ ಪಂಪ್‌ಗಳ ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಇದೆ. ಇವೆಲ್ಲದರ ನಡುವೆ ಪಂಚಾಯಿತಿ ತಾನೇ ಯೋಜಿಸಿ ತಾನೇ ಖರ್ಚು ಮಾಡಬಹುದಾದ ದೊಡ್ಡ ಮೊತ್ತ ಎಂದರೆ ಹಣಕಾಸು ಆಯೋಗದ್ದು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ₹2,36,805 ಕೋಟಿ ಶಿಫಾರಸು ಮಾಡಿತ್ತು. ಹಣ ಕೇಂದ್ರದಿಂದ ರಾಜ್ಯಕ್ಕೆ ವರ್ಷಕ್ಕೆ ಎರಡು ಕಂತಿನಲ್ಲಿ ಬರುತ್ತದೆ. ರಾಜ್ಯ 10 ಕೆಲಸದ ದಿನಗಳೊಳಗೆ ಅದನ್ನು ಪಂಚಾಯಿತಿಗಳಿಗೆ ವರ್ಗಾಯಿಸಬೇಕು; ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಆಯೋಗ ಬದಲಾದಾಗ ಪಾಲು, ಷರತ್ತು ಬದಲಾಗುತ್ತವೆ. ಅಂದಾಜು, ಟೆಂಡರ್, ಆದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕದ ಕೆಲಸ ಬದಲಾಗುವುದಿಲ್ಲ.

ಒಂದು ಷರತ್ತನ್ನು ಎಲ್ಲರೂ ತಿಳಿದಿರಬೇಕು. ಈ ಅನುದಾನ ಚುನಾಯಿತ ಆಡಳಿತ ಇರುವ ಸಂಸ್ಥೆಗೆ ಮಾತ್ರ. ಕರ್ನಾಟಕದಲ್ಲಿ 2021ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದೇ ಇದ್ದದ್ದರಿಂದ ಆ ಎರಡು ಹಂತಗಳ ಪಾಲಿಗೆ ಕುತ್ತು ಬಂತು. ತಾಲ್ಲೂಕು ಪಂಚಾಯಿತಿ ಹಣದಿಂದ ಎರಡು ಊರುಗಳ ನಡುವಿನ ಕಾಮಗಾರಿ ಆಗಲಿ ಎಂದು ಕಾದು ಕುಳಿತವರಿಗೆ ಇದರ ಬಿಸಿ ತಟ್ಟಿದೆ. ಚುನಾವಣೆ ಮುಂದಕ್ಕೆ ಹಾಕುವುದು ಕೇವಲ ರಾಜಕೀಯ ವಿಚಾರವಲ್ಲ, ಊರಿನ ನೀರಿನ ಪೈಪಿನ ವಿಚಾರ ಎಂದು ನಾವು ಗಟ್ಟಿಯಾಗಿ ನಂಬುತ್ತೇವೆ.

ಇನ್ನು ಬಾಬ್ತು. 15ನೇ ಆಯೋಗದ ಹಣದಲ್ಲಿ 2020–21ರಲ್ಲಿ ಅರ್ಧಕ್ಕರ್ಧ ಇದ್ದ ಹಂಚಿಕೆ 2021–22ರಿಂದ ಶೇ 60 ನಿರ್ಬಂಧಿತ, ಶೇ 40 ಅನಿರ್ಬಂಧಿತ ಎಂದಾಯಿತು. ಕಚೇರಿಯಲ್ಲಿ ಟೈಡ್, ಅನ್‌ಟೈಡ್ ಎನ್ನುತ್ತಾರೆ. ಪಂಚಾಯಿತಿಗೆ ₹10 ಲಕ್ಷ ಬಂತು ಎಂದು ಹಿಡಿಯಿರಿ. ₹3 ಲಕ್ಷ ನೈರ್ಮಲ್ಯಕ್ಕೆ: ಕಸ ವಿಲೇವಾರಿ, ಬಚ್ಚಲು ನೀರಿನ ನಿರ್ವಹಣೆ, ಮಲ ತ್ಯಾಜ್ಯ, ಬಯಲು ಶೌಚಮುಕ್ತ ಸ್ಥಿತಿ ಉಳಿಸಿಕೊಳ್ಳುವುದು. ₹3 ಲಕ್ಷ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಉಳಿದ ₹4 ಲಕ್ಷ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಊರಿಗೆ ಬೇಕಾದುದಕ್ಕೆ. ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಇದನ್ನು ಬಳಸುವಂತಿಲ್ಲ. ಕಾಂಕ್ರೀಟ್ ರಸ್ತೆ, ಬೀದಿದೀಪ, ಅಂಗನವಾಡಿ ದುರಸ್ತಿ ಈ ₹4 ಲಕ್ಷದಲ್ಲೇ ಹೊಂದಬೇಕು. ರಸ್ತೆಯನ್ನು ನೈರ್ಮಲ್ಯದ ಲೆಕ್ಕಕ್ಕೆ ಹಾಕಿದರೆ ಲೆಕ್ಕ ಪರಿಶೋಧಕರು ಬಿಡುವುದಿಲ್ಲ. ನಿರ್ಬಂಧಿತ ಎರಡು ಭಾಗಗಳಲ್ಲಿ ಒಂದರ ಅಗತ್ಯ ಪೂರ್ತಿ ತೀರಿದ್ದರೆ ಅದರ ಹಣವನ್ನು ಇನ್ನೊಂದಕ್ಕೆ ಬಳಸಬಹುದು, ಆದರೆ ತೀರಿದೆ ಎಂದು ಗ್ರಾಮ ಸಭೆ ದೃಢೀಕರಿಸಿರಬೇಕು. ಈ ಠರಾವು ಕಡತದಲ್ಲಿ ಇಲ್ಲದೆ ಹಣ ಬದಲಾಯಿಸಿದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ಆಕ್ಷೇಪಣೆ ನಿಲ್ಲುತ್ತದೆ. ಇದರ ಜೊತೆಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಪಾಲು ಮತ್ತು ಅಂಗವಿಕಲರ ಪಾಲನ್ನು ಆಯಾ ವರ್ಷದ ಸುತ್ತೋಲೆಯಂತೆ ಕ್ರಿಯಾ ಯೋಜನೆಯಲ್ಲೇ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲೇ, ಬೇರ್ಪಡಿಸಬೇಕು. ವರ್ಷದ ಕೊನೆಗೆ ಉಳಿಕೆ ಹಣದಿಂದ ಹೊಂದಿಸುತ್ತೇವೆ ಎಂದವರು ಹೊಂದಿಸಿದ್ದನ್ನು ಕಂಡಿಲ್ಲ.

ಯೋಜನೆಯ ಋತು ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ವಾರ್ಡ್ ಸಭೆ, ಮಹಿಳಾ ಮತ್ತು ಮಕ್ಕಳ ಗ್ರಾಮ ಸಭೆ, ಆಮೇಲೆ ಗ್ರಾಮ ಸಭೆ, ಕೊನೆಗೆ ಪಂಚಾಯಿತಿ ಸಾಮಾನ್ಯ ಸಭೆಯ ಅನುಮೋದನೆ. ಠರಾವು ಬರೆಯುವ ಭಾಷೆಯಲ್ಲೇ ಅರ್ಧ ತೊಂದರೆ ಹುಟ್ಟುತ್ತದೆ. ‘ಪರಿಶಿಷ್ಟರ ಕಾಲೊನಿಯಲ್ಲಿ ಚರಂಡಿ ಮಾಡುವುದು’ ಎಂದಷ್ಟೇ ಬರೆದರೆ ಸಾಲದು. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ನೀರು ಕೊನೆಗೆ ಎಲ್ಲಿ ಸೇರುತ್ತದೆ, ಯಾವ ಅನುದಾನದ ಯಾವ ಭಾಗದಿಂದ, ಎಷ್ಟು ಮೊತ್ತ ಎಂಬುದು ನಡವಳಿಯಲ್ಲಿ ಬರಬೇಕು. ಕಾಮಗಾರಿಯ ಹೆಸರು ನಡವಳಿ, ಅಂದಾಜು ಪಟ್ಟಿ, ಇ-ಗ್ರಾಮಸ್ವರಾಜ್ ತಂತ್ರಾಂಶ, ಟೆಂಡರ್, ಅಳತೆ ಪುಸ್ತಕ, ಬಿಲ್ ಎಲ್ಲ ಕಡೆ ಅಕ್ಷರಶಃ ಒಂದೇ ಇರಲಿ. ಒಂದರಲ್ಲಿ ‘ಮಾರಮ್ಮನ ಗುಡಿಯಿಂದ’ ಎಂದೂ ಇನ್ನೊಂದರಲ್ಲಿ ‘ಶಾಲೆ ಹತ್ತಿರ’ ಎಂದೂ ಇದ್ದರೆ ಒಂದೇ ಕಾಮಗಾರಿಗೆ ಎರಡು ಬಿಲ್ ಆಯಿತೇ ಎಂಬ ಪ್ರಶ್ನೆ ಏಳುತ್ತದೆ. ತಂತ್ರಾಂಶಕ್ಕೆ ಏರಿಸಿದ ಯೋಜನೆಯಲ್ಲಿ ಇಲ್ಲದ ಚಟುವಟಿಕೆಗೆ ಪಾವತಿಯೇ ಆಗುವುದಿಲ್ಲ. ನಡುವೆ ಬದಲಾಯಿಸಬೇಕಾದರೆ ಮತ್ತೆ ಸಭೆ, ಮತ್ತೆ ಠರಾವು, ಪೂರಕ ಕ್ರಿಯಾ ಯೋಜನೆ.

ಜಾಗದ ವಿಷಯಕ್ಕೆ ಬರೋಣ. ನೀರಿನ ಟ್ಯಾಂಕ್, ಕಸ ವಿಂಗಡಣೆ ಘಟಕ, ಸಮುದಾಯ ಶೌಚಾಲಯ ಈ ಮೂರರಲ್ಲಿ ಹಣ ಕೈಯಲ್ಲಿದ್ದೂ ಕೆಲಸ ನಿಂತಿರುವುದಕ್ಕೆ ನಾವು ಹೆಚ್ಚಾಗಿ ಕಂಡ ಕಾರಣ ಜಾಗವೇ. ‘ಜಾಗ ಕೊಡ್ತೀನಿ ಬಿಡಿ ಸ್ವಾಮಿ’ ಎಂದು ಹಿರಿಯರೊಬ್ಬರು ಗ್ರಾಮ ಸಭೆಯಲ್ಲಿ ಹೇಳಿದ ಮಾತು ಒಳ್ಳೆಯ ಮನಸ್ಸಿನದೇ. ಅವರ ನಂತರ ಮಕ್ಕಳು ಆ ಮಾತಿಗೆ ಬದ್ಧರಲ್ಲ. ನೋಂದಾಯಿತ ದಾನಪತ್ರ ಪಂಚಾಯಿತಿ ಹೆಸರಿಗೆ ಆಗಿ, ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಾದ ಮೇಲೆಯೇ ಪಾಯ ಅಗೆಯಬೇಕು. ಸರ್ಕಾರಿ ಜಾಗವಾದರೆ ಪಹಣಿಯಲ್ಲಿ ಗೋಮಾಳವೇ, ಕೆರೆ ಅಂಗಳವೇ, ಅರಣ್ಯವೇ ಎಂದು ನೋಡಿ, ತಹಶೀಲ್ದಾರರ ಕಚೇರಿಯಿಂದ ಮಂಜೂರಾತಿ ಪಡೆದು ಸರ್ವೆ ಮಾಡಿಸಿ ಗಡಿ ಕಲ್ಲು ಹಾಕಿಸಬೇಕು. ಪೈಪ್‌ಲೈನ್ ಲೋಕೋಪಯೋಗಿ ಇಲಾಖೆಯ ರಸ್ತೆ ದಾಟುವಂತಿದ್ದರೆ ಅವರ ಅನುಮತಿ, ರಸ್ತೆ ಕಡಿದದ್ದಕ್ಕೆ ಕಟ್ಟಬೇಕಾದ ಮೊತ್ತ ಎರಡೂ ಅಂದಾಜಿಗೆ ಸೇರಲಿ.

ಅಂದಾಜು ಪಟ್ಟಿಗೆ ಎಂಜಿನಿಯರ್ ಜೊತೆ ಊರಿನ ನೀರುಗಂಟಿಯನ್ನು ಕರೆದುಕೊಂಡು ಹೋಗಿ. ಹಳೆಯ ಪೈಪ್ ಎಲ್ಲಿದೆ, ಯಾವ ವಾಲ್ವ್ ಮಣ್ಣಿನಡಿ ಮುಚ್ಚಿದೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಕ್ಷೆಗೆ ಗೊತ್ತಿರುವುದಿಲ್ಲ. ಚರಂಡಿಗೆ ಲೆವೆಲ್ ಹಿಡಿಯದೆ ಅಂದಾಜು ಮಾಡಬಾರದು. 100 ಮೀಟರ್ ಚರಂಡಿಗೆ 200ಕ್ಕೆ 1ರಂತೆ ಇಳಿಜಾರು ಕೊಟ್ಟರೆ ತಳ ಅರ್ಧ ಮೀಟರ್ ಇಳಿಯಬೇಕು. ನೆಲ ಸಮತಟ್ಟಾಗಿದ್ದರೆ ಶುರುವಿನಲ್ಲಿ 45 ಸೆಂ.ಮೀ. ಆಳವಿದ್ದದ್ದು ಕೊನೆಯಲ್ಲಿ 95 ಸೆಂ.ಮೀ. ಆಗುತ್ತದೆ. ಅಂದಾಜಿನಲ್ಲಿ ಮಾತ್ರ ಉದ್ದಕ್ಕೂ 45 ಎಂದೇ ಇರುತ್ತದೆ. ಆಗ ಗುತ್ತಿಗೆದಾರ ಅಂದಾಜಿನಂತೆ ಕಟ್ಟುತ್ತಾನೆ, ನೀರು ಅಲ್ಲೇ ನಿಲ್ಲುತ್ತದೆ, ಸೊಳ್ಳೆ ಹೆಚ್ಚುತ್ತದೆ, ದೂರು ಪಂಚಾಯಿತಿಗೆ ಬರುತ್ತದೆ. ಹಾಗೆಯೇ ಚರಂಡಿಯ ಕೊನೆ. ನೀರು ಯಾರದೋ ಹೊಲದ ಬದುವಿಗೆ ಬಿಡುವಂತಿದ್ದರೆ ಮೊದಲ ಮಳೆಗೇ ಅದನ್ನು ಮಣ್ಣು ಹಾಕಿ ಮುಚ್ಚುತ್ತಾರೆ. ಇಂಗುಗುಂಡಿ, ಹಳ್ಳ ಅಥವಾ ಬಚ್ಚಲು ನೀರು ತಿಳಿಯಾಗಿಸುವ ಹೊಂಡ, ಯಾವುದಾದರೂ ಒಂದು ನೆಲೆ ಇಲ್ಲದೆ ಚರಂಡಿ ಶುರು ಮಾಡಬೇಡಿ. ಹಣ ಕಡಿಮೆ ಬಿದ್ದರೆ ಕೆಳಗಿನ ತುದಿಯಿಂದ ಮೇಲಕ್ಕೆ ಕಟ್ಟುತ್ತ ಬನ್ನಿ. ಆಗ ಕಟ್ಟಿದಷ್ಟು ಭಾಗವಾದರೂ ಕೆಲಸ ಮಾಡುತ್ತದೆ.

ಕೊಳವೆಬಾವಿ ಕಾಮಗಾರಿಯಲ್ಲಿ ಮರೆತುಹೋಗುವುದು ವಿದ್ಯುತ್. ಬಾವಿ ಕೊರೆದು, ಪಂಪ್ ಇಳಿಸಿ, ಪೈಪ್ ಜೋಡಿಸಿ ಎಲ್ಲ ಮುಗಿದಿರುತ್ತದೆ. ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿ) ಕಟ್ಟಬೇಕಾದ ಠೇವಣಿ, ಕಂಬ, ತಂತಿ, ಬೇಕಾದರೆ ಟ್ರಾನ್ಸ್‌ಫಾರ್ಮರ್ ಇವುಗಳ ವೆಚ್ಚ ಅಂದಾಜಿನಲ್ಲಿಲ್ಲ. ನೀರು ನೆಲದಡಿ ಇದ್ದೂ ಜನ ಬಿಂದಿಗೆ ಹೊರುತ್ತಾರೆ. ಅಂದಾಜಿಗೆ ಮುಂಚೆಯೇ ಎಸ್ಕಾಂ ಶಾಖಾ ಕಚೇರಿಯಿಂದ ಲಿಖಿತ ಅಂದಾಜು ತರಿಸಿಕೊಳ್ಳಬೇಕು.

ತೆರಿಗೆಯನ್ನು ಮರೆತ ಅಂದಾಜೂ ಅಷ್ಟೇ ಹಾನಿ. ಸ್ಥಳೀಯ ಸಂಸ್ಥೆಗಳ ಕಾಮಗಾರಿ ಗುತ್ತಿಗೆಗಳ ಮೇಲೆ ಶೇ 12 ಇದ್ದ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 18 ಆಗಿದೆ. ಕಟ್ಟಡ ಕಾರ್ಮಿಕರ ಸೆಸ್ ಶೇ 1. ಅಂದರೆ ಒಟ್ಟು ₹5 ಲಕ್ಷದ ಕಾಮಗಾರಿಯಲ್ಲಿ ಈ ಎರಡನ್ನು ತೆಗೆದರೆ ನೆಲದ ಮೇಲಿನ ಕೆಲಸಕ್ಕೆ ಉಳಿಯುವುದು ಸುಮಾರು ₹4.20 ಲಕ್ಷ. ₹5 ಲಕ್ಷಕ್ಕೆ ಇಷ್ಟುದ್ದ ರಸ್ತೆ ಎಂದು ಗ್ರಾಮ ಸಭೆಯಲ್ಲಿ ಮಾತು ಕೊಡುವ ಮೊದಲು ಈ ಲೆಕ್ಕ ಹಾಕಿದರೆ ಆಮೇಲೆ ಕೊನೆಯ ನಾಲ್ಕು ಮನೆ ಬಿಟ್ಟುಹೋಯಿತು ಎಂಬ ಜಗಳ ಬರುವುದಿಲ್ಲ.

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎರಡೂ ಬೇರೆ. ಮೊದಲನೆಯದು ಈ ಕೆಲಸ ಬೇಕು, ಹಣ ಇದೆ ಎಂಬ ಒಪ್ಪಿಗೆ. ಎರಡನೆಯದು ಅಳತೆ, ದರ, ವಿನ್ಯಾಸ ಸರಿಯಿದೆ ಎಂದು ಎಂಜಿನಿಯರಿಂಗ್ ವಿಭಾಗದ ಅಧಿಕಾರಿ ಮೊತ್ತಕ್ಕೆ ತಕ್ಕ ಹಂತದಲ್ಲಿ ಕೊಡುವ ಮುದ್ರೆ. ತಾಂತ್ರಿಕ ಮಂಜೂರಾತಿಯ ದಿನಾಂಕಕ್ಕೆ ಹಿಂದಿನ ದಿನಾಂಕದ ಕಾರ್ಯಾದೇಶ (ಕೆಲಸ ಶುರು ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶ) ಕಡತದಲ್ಲಿ ಕಂಡರೆ ಪರಿಶೋಧನೆಯಲ್ಲಿ ಬೇರೇನೂ ನೋಡಬೇಕಿಲ್ಲ. ದರಪಟ್ಟಿ ಚಾಲ್ತಿ ವರ್ಷದ್ದೇ ಎಂಬುದನ್ನೂ ನೋಡಿ. ಹಳೆಯ ದರದ ಅಂದಾಜಿಗೆ ಟೆಂಡರ್ ಕರೆದರೆ ಯಾರೂ ಬರುವುದಿಲ್ಲ, ಬಂದವರು ಕೆಲಸದಲ್ಲಿ ಕತ್ತರಿ ಹಾಕುತ್ತಾರೆ.

ಟೆಂಡರ್‌ಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವೇ ಆಧಾರ. ಕೆಟಿಪಿಪಿ ಎಂದೇ ಹೆಸರು. ಅದರ 4(ಇ) ಕಲಮಿನಡಿ ₹5 ಲಕ್ಷದೊಳಗಿನ ನಿರ್ಮಾಣ ಕಾಮಗಾರಿಗೆ ಟೆಂಡರ್ ವಿನಾಯಿತಿ ಇದೆ. ಈ ಗೆರೆಯ ಕಾರಣಕ್ಕೇ ₹4.90 ಲಕ್ಷದ, ₹4.95 ಲಕ್ಷದ ಕಾಮಗಾರಿಗಳು ಸಾಲುಸಾಲಾಗಿ ಹುಟ್ಟುತ್ತವೆ. ₹14 ಲಕ್ಷದ ಒಂದೇ ರಸ್ತೆಯನ್ನು ಭಾಗ 1, ಭಾಗ 2, ಭಾಗ 3 ಎಂದು ತುಂಡು ಮಾಡಿದರೆ ಅದು ತಪ್ಪು. ಪ್ರತಿ ವರ್ಷ ಪರಿಶೋಧನೆಯಲ್ಲಿ ಎದ್ದು ಕಾಣುವ ಆಕ್ಷೇಪಣೆಯೂ ಹೌದು. ನಿಜವಾಗಿ ಬೇರೆ ಬೇರೆ ಊರಿನ ಸಣ್ಣ ಕೆಲಸಗಳಾದರೆ ಅಡ್ಡಿಯಿಲ್ಲ. 4(ಜಿ) ಅಡಿಯಲ್ಲಿ ಸರ್ಕಾರ ವಿನಾಯಿತಿ ಕೊಟ್ಟಾಗ ಕೆಆರ್‌ಐಡಿಎಲ್‌ನಂಥ ಸರ್ಕಾರಿ ಸಂಸ್ಥೆಗೆ ನೇರವಾಗಿ ವಹಿಸಬಹುದು. ಬೇಗ ಆಗುತ್ತದೆ ಎಂಬ ಆಸೆ ಅದರ ಹಿಂದೆ ಇರುತ್ತದೆ. ಆದರೆ ಮುಂಗಡ ಕೊಟ್ಟ ಮೇಲೆ ಕೆಲಸದ ವೇಗದ ಮೇಲೆ ಪಂಚಾಯಿತಿಯ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಅಳತೆಗೆ ತಕ್ಕಂತೆ ಕಂತು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.

ಟೆಂಡರ್ ಕರೆಯುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ. ಕಾಮಗಾರಿಗಳ ಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲು ಇದೆ. ಯಾವ ಮೊತ್ತದವರೆಗೆ ಎಂಬ ಮಿತಿ ಹಲವು ಬಾರಿ ಏರಿದೆ. 2016–17ರ ತಿದ್ದುಪಡಿಯಲ್ಲಿ ₹50 ಲಕ್ಷ, 2023ರಲ್ಲಿ ₹1 ಕೋಟಿ. ಕರೆಯುವ ದಿನ ಚಾಲ್ತಿಯಲ್ಲಿರುವ ಸುತ್ತೋಲೆ ನೋಡಿಯೇ ಪಟ್ಟಿ ಮಾಡಿ. ಅಂದಾಜಿಗಿಂತ ತೀರಾ ಕಡಿಮೆ ಬರೆದವರಿಂದ ದರ ವಿಶ್ಲೇಷಣೆ ಕೇಳಿ, ನಿಯಮದಂತೆ ಹೆಚ್ಚುವರಿ ಭದ್ರತೆ ತೆಗೆದುಕೊಳ್ಳಬೇಕು. ಕಡಿಮೆ ದರ ಎಂಬ ಸಂತೋಷಕ್ಕೆ ಇದನ್ನು ಬಿಟ್ಟರೆ ಅರ್ಧ ಕಟ್ಟಿದ ಗೋಡೆ ಉಳಿಯುತ್ತದೆ.

ಕೆಲಸ ಶುರುವಾಗುವ ಮುನ್ನ ಜಾಗದ ಫೋಟೊ, ನಡುವೆ ಒಂದು, ಮುಗಿದ ಮೇಲೆ ಒಂದು, ಹೀಗೆ ಮೂರು ಹಂತದ ಜಿಯೊಟ್ಯಾಗ್ ಚಿತ್ರ, ಅಂದರೆ ತೆಗೆದ ಸ್ಥಳ ದಾಖಲಾಗಿರುವ ಚಿತ್ರ, ಬೇಕು. ಮೊದಲಿನ ಫೋಟೊ ತೆಗೆಯಲು ಮರೆತರೆ ಅದಕ್ಕೆ ಪರಿಹಾರವೇ ಇಲ್ಲ. ಕಾರ್ಯಾದೇಶ ಕೊಡುವ ದಿನವೇ ತೆಗೆದುಬಿಡಿ.

ಕಾಂಕ್ರೀಟ್ ರಸ್ತೆಯ ಲೆಕ್ಕವನ್ನು ಪ್ರತಿ ಸದಸ್ಯರೂ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. 100 ಮೀ. ಉದ್ದ, 3 ಮೀ. ಅಗಲ, 15 ಸೆಂ.ಮೀ. ದಪ್ಪ ಎಂದರೆ 45 ಘನ ಮೀಟರ್. ಎಂ20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಘನ ಮೀಟರಿಗೆ 320 ಕೆ.ಜಿ. ಸಿಮೆಂಟ್ ಎಂದು ಹಿಡಿದರೆ 14,400 ಕೆ.ಜಿ., ಅಂದರೆ 288 ಚೀಲ. ಜಾಗಕ್ಕೆ ಬಂದ ಚೀಲ ಎಣಿಸಲು ಎಂಜಿನಿಯರ್ ಆಗಿರಬೇಕಿಲ್ಲ. ದಪ್ಪ 12 ಸೆಂ.ಮೀ. ಆದರೆ 9 ಘನ ಮೀಟರ್ ಕಾಂಕ್ರೀಟ್, ಐದರಲ್ಲಿ ಒಂದು ಪಾಲು, ರಸ್ತೆಯಲ್ಲೇ ಇರುವುದಿಲ್ಲ. ಇದು ಸಾಮಾನ್ಯವಾಗಿ ಆಗುವುದು ಮಧ್ಯದಲ್ಲಿ. ಅಂಚಿನಲ್ಲಿ ಹಲಗೆ 15 ಸೆಂ.ಮೀ. ಇರುತ್ತದೆ, ಕೆಳಗಿನ ಜಲ್ಲಿ ಹಾಸನ್ನು ನಡುವೆ ಉಬ್ಬಿಸಿರುತ್ತಾರೆ. ಆದ್ದರಿಂದ ಕಾಂಕ್ರೀಟ್ ಸುರಿಯುವ ಮುನ್ನ ಎರಡು ಹಲಗೆಗಳ ನಡುವೆ ದಾರ ಎಳೆದು ನಡುಭಾಗದಲ್ಲಿ ಟೇಪ್ ಹಿಡಿಯಿರಿ.

ನೀರು ಇನ್ನೊಂದು ಮುಖ್ಯ ಸಂಗತಿ. 50 ಕೆ.ಜಿ. ಚೀಲಕ್ಕೆ 25ರಿಂದ 27 ಲೀಟರ್ ನೀರು ಸಾಕು, ಮರಳಿನಲ್ಲಿರುವ ತೇವವೂ ಇದರೊಳಗೆ. ಹರಡಲು ಸುಲಭ ಎಂದು ಕೊಡಗಟ್ಟಲೆ ಸುರಿದರೆ ಮೇಲೆ ಸಿಮೆಂಟ್ ಹಾಲು ತೇಲಿ, ಒಂದು ವರ್ಷದಲ್ಲಿ ಮೇಲ್ಪದರ ಪುಡಿಯಾಗಿ ಏಳುತ್ತದೆ. ಭಾರತೀಯ ಮಾನಕ 456ರ ಪ್ರಕಾರ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ. ಒಣ ಬಿಸಿಲಿನಲ್ಲಿ ಇದನ್ನು 10 ಮತ್ತು 14ಕ್ಕೆ ಏರಿಸಬೇಕು. ನಮ್ಮ ಬಹುಪಾಲು ರಸ್ತೆಗಳು ಮಾರ್ಚ್‌ನ ಬಿಸಿಲಿನಲ್ಲಿ, ಕುಡಿಯಲೂ ನೀರಿಲ್ಲದ ದಿನಗಳಲ್ಲಿ ಆಗುತ್ತವೆ ಎಂಬುದೇ ಅವು ಬಾಳದಿರಲು ದೊಡ್ಡ ಕಾರಣ. ಅದೇ ಮಾನಕ 31ರಿಂದ 50 ಘನ ಮೀಟರ್ ಕಾಂಕ್ರೀಟಿಗೆ 4 ಮಾದರಿ ಕೇಳುತ್ತದೆ, ಪ್ರತಿ ಮಾದರಿಗೆ 3 ಘನಾಕೃತಿ, 28 ದಿನಕ್ಕೆ ಪರೀಕ್ಷೆ. ಆ 28 ದಿನವನ್ನು ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಕಾಂಕ್ರೀಟ್ ಫೆಬ್ರುವರಿಯಲ್ಲೇ ಮುಗಿದಿರಬೇಕು ಎಂದಾಯಿತು. ಪೈಪ್ ಹಾಕುವುದು ಬಾಕಿ ಇರುವ ಬೀದಿಗೆ ರಸ್ತೆ ಮಾಡಬೇಡಿ. ಜಲ ಜೀವನ್ ಮಿಷನ್ ಪೈಪಿಗಾಗಿ ಹೊಸ ರಸ್ತೆ ಕಡಿದ ಊರುಗಳು ಬೇಕಾದಷ್ಟಿವೆ.

ಅಳತೆ ಪುಸ್ತಕ ಬರೆಯುವುದು ಎಂಜಿನಿಯರ್, ಆದರೆ ಅಳೆಯುವಾಗ ವಾರ್ಡ್ ಸದಸ್ಯರು ಜೊತೆಗಿರಲಿ. ಮುಚ್ಚಿಹೋಗುವ ಕೆಲಸವನ್ನು, ಅಂದರೆ ಪಾಯದ ಆಳ, ಪೈಪ್ ಹೂಳುವ ಕಾಲುವೆ, ಕಬ್ಬಿಣದ ಜೋಡಣೆಯನ್ನು, ಮುಚ್ಚುವ ಮುನ್ನವೇ ಅಳೆದು ಬರೆಯಬೇಕು.

ಬಿಲ್ಲಿನಲ್ಲಿ ಕಡಿತಗಳು ಹೀಗೆ ಬರುತ್ತವೆ. ಕೆಲಸದ ಮೌಲ್ಯ ₹4,00,000, ಜಿಎಸ್‌ಟಿ ₹72,000, ಒಟ್ಟು ₹4,72,000. ಗುತ್ತಿಗೆ ₹2.5 ಲಕ್ಷ ಮೀರಿದ್ದರಿಂದ ಜಿಎಸ್‌ಟಿ ಟಿಡಿಎಸ್ (ಪಾವತಿಯಲ್ಲೇ ಹಿಡಿಯುವ ತೆರಿಗೆ) ಶೇ 2, ₹8,000. ಗುತ್ತಿಗೆದಾರ ವ್ಯಕ್ತಿಯಾದರೆ ಆದಾಯ ತೆರಿಗೆ ಶೇ 1, ₹4,000. ಸಂಸ್ಥೆಯಾದರೆ ಶೇ 2. ಕಾರ್ಮಿಕ ಸೆಸ್ ₹4,000. ಇದಲ್ಲದೆ ಟೆಂಡರ್ ಷರತ್ತಿನಂತೆ ಭದ್ರತಾ ಠೇವಣಿ, ಜಲ್ಲಿ ಮರಳಿಗೆ ರಾಜಧನ (ರಾಯಲ್ಟಿ) ಕಟ್ಟಿದ ಪರವಾನಗಿ ತೋರಿಸದಿದ್ದರೆ ರಾಜಧನದ ಕಡಿತ. ಟಿಡಿಎಸ್ ಹಿಡಿದು ಇಲಾಖೆಗೆ ಕಟ್ಟದೇ ಬಿಟ್ಟರೆ ದಂಡ ಪಂಚಾಯಿತಿಯ ತಲೆಗೆ ಬರುತ್ತದೆ, ಆ ದಂಡವನ್ನು ಅನುದಾನದಿಂದ ಕಟ್ಟುವಂತಿಲ್ಲ.

ಪಾವತಿ ಇ-ಗ್ರಾಮಸ್ವರಾಜ್ ಮತ್ತು ಪಿಎಫ್‌ಎಂಎಸ್ (ಕೇಂದ್ರದ ಹಣ ಪಾವತಿ ವ್ಯವಸ್ಥೆ) ಜೋಡಣೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರ ಡಿಜಿಟಲ್ ಸಹಿಯಿಂದ ಆಗುತ್ತದೆ. ಚೆಕ್ ಇಲ್ಲ. ಇಲ್ಲಿ ತಡೆಯಾಗುವುದು ಸಣ್ಣ ಕಾರಣಗಳಿಗೆ: ಗುತ್ತಿಗೆದಾರರ ಹೆಸರು ಬ್ಯಾಂಕಿನಲ್ಲಿ ಒಂದು ಬಗೆ, ತಂತ್ರಾಂಶದಲ್ಲಿ ಇನ್ನೊಂದು ಬಗೆ, ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿದೆ, ಡಿಜಿಟಲ್ ಸಹಿಯ ಅವಧಿ ಮುಗಿದಿದೆ. ಅಧ್ಯಕ್ಷರ ಅವಧಿ 30 ತಿಂಗಳು. ಬದಲಾವಣೆಯ ಹೊತ್ತಿಗೆ ಹೊಸ ಅಧ್ಯಕ್ಷರ ಸಹಿ ನೋಂದಣಿಯಾಗಿ ಅನುಮೋದನೆ ಸಿಗುವವರೆಗೆ ಎಲ್ಲ ಪಾವತಿ ನಿಲ್ಲುತ್ತದೆ. ಅಧ್ಯಕ್ಷರ ಚುನಾವಣೆಯ ದಿನಾಂಕ ಗೊತ್ತಾದ ಕೂಡಲೇ ಬಾಕಿ ಬಿಲ್ಲುಗಳನ್ನು ತೀರಿಸಿಕೊಂಡುಬಿಡಿ. ಅಧ್ಯಕ್ಷರ ಡಿಜಿಟಲ್ ಸಹಿಯ ಡಾಂಗಲ್ ಮತ್ತು ಪಾಸ್‌ವರ್ಡ್ ಬೇರೆಯವರ ಮೇಜಿನ ಡ್ರಾಯರಿನಲ್ಲಿ ಇರಬಾರದು, ವಿಶೇಷವಾಗಿ ಮೊದಲ ಬಾರಿ ಗೆದ್ದ ಮಹಿಳಾ ಅಧ್ಯಕ್ಷರಿಗೆ ಇದನ್ನು ಬಿಡಿಸಿ ಹೇಳಬೇಕು. ಸಹಿಯ ಹೊಣೆ ಪೂರ್ತಿ ಅವರದೇ.

ಮುಂದಿನ ಕಂತು ಹಿಂದಿನ ಲೆಕ್ಕಕ್ಕೆ ಕಟ್ಟಿಹಾಕಿದೆ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ ಎರಡೂ ಆನ್‌ಲೈನಿನಲ್ಲಿ ಸಾರ್ವಜನಿಕರಿಗೆ ಸಿಗುವಂತಿರಬೇಕು. 15ನೇ ಆಯೋಗದ 2021–26ರ ಅವಧಿಯ ಮೊದಲೆರಡು ವರ್ಷ ರಾಜ್ಯದ ಶೇ 25ರಷ್ಟು ಸಂಸ್ಥೆಗಳು ಮಾಡಿದ್ದರೆ ಸಾಕಿತ್ತು. 2023–24ರಿಂದ ಪ್ರತಿ ಸಂಸ್ಥೆಗೂ ಅದರದೇ ಲೆಕ್ಕ. ವರ್ಷದ ಲೆಕ್ಕ ಮುಚ್ಚದ ಒಂದು ಪಂಚಾಯಿತಿ ತನ್ನ ಕಂತನ್ನು ತಾನೇ ಕಳೆದುಕೊಳ್ಳುತ್ತದೆ. ಹಣ ಬಳಕೆ ಪ್ರಮಾಣ ಪತ್ರದಲ್ಲಿ ಖಾತೆಯ ಬಡ್ಡಿಯನ್ನೂ ತೋರಿಸಬೇಕು. ಬಡ್ಡಿ ಬಿಟ್ಟುಹೋದರೆ ನಗದು ಪುಸ್ತಕಕ್ಕೂ ಪ್ರಮಾಣ ಪತ್ರಕ್ಕೂ ತಾಳೆಯಾಗುವುದಿಲ್ಲ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕ ಮತ್ತು ಕೆಲಸಗಳ ವಾರ್ಷಿಕ ತಪಾಸಣೆ, ನಡೆಯುತ್ತದೆ. ಅಂದು ಕಡತವನ್ನೂ ಕಾಮಗಾರಿಯನ್ನೂ ಜನರ ಎದುರೇ ತೋರಿಸಬೇಕು. ಮಳೆಗಾಲದ ನಡುವೆ ಬರುವುದರಿಂದ ಚರಂಡಿಯ ಇಳಿಜಾರು, ರಸ್ತೆಯ ನೀರು ಹರಿಯುವ ದಿಕ್ಕು, ಟ್ಯಾಂಕಿನ ಸೋರಿಕೆ ಎಲ್ಲ ಕಣ್ಣಿಗೆ ಕಾಣುವ ಸಮಯ ಅದು. ಅಂದು ಕಂಡ ದೋಷಗಳನ್ನು ಬರೆದಿಟ್ಟುಕೊಂಡು ಗುತ್ತಿಗೆದಾರರಿಗೆ ನೋಟಿಸ್ ಕೊಡಿ, ಸರಿಪಡಿಸಿದ ಮೇಲೆ ಎಂಜಿನಿಯರ್ ವರದಿ ಪಡೆಯಿರಿ. ಕೆಲಸದ ದೋಷಕ್ಕೆ ಗುತ್ತಿಗೆದಾರರೇ ಹೊಣೆಯಾಗಿರುವ ಅವಧಿ ಮುಗಿದು, ಆ ವರದಿ ಕಡತಕ್ಕೆ ಸೇರಿದ ನಂತರವೇ ಭದ್ರತಾ ಠೇವಣಿ ಹಿಂದಿರುಗಿಸುವ ಬಿಲ್ಲಿಗೆ ಸಹಿ ಹಾಕಿ.